ಎಂಟು ಗಂಟೆಯ ‘ಗೆಟ್ ಬ್ಯಾಕ್’, ಎಂಬತ್ತು ನಿಮಿಷದ ‘ಲೆಟ್ ಇಟ್ ಬಿ’

ಬೀಟಲ್ಸ್ ಬ್ಯಾಂಡಿನ ಬಗೆಗಿನ ಈ ಎರಡು ಸಾಕ್ಷ್ಯಚಿತ್ರಗಳಲ್ಲಿ, ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನಿರ್ದೇಶಕ ಪೀಟರ್ ಜಾಕ್ಸನ್‌ನ ‘ಗೆಟ್ ಬ್ಯಾಕ್’ಗೆ. ಸ್ಟ್ರೀಮಿಂಗ್‌ನಲ್ಲಿ ನೋಡಿದ ಮೇಲೂ ಸಮಾಧಾನವಾಗದೆ ಮೂರು ಡಿಸ್ಕಿನ ಬ್ಲೂ-ರೇ ಸೆಟ್ಟನ್ನು ಹೊರಗಿನಿಂದ ತರಿಸಿಕೊಂಡೆ. ಸುಂಕ, ಸಾಗಾಣಿಕೆ ಎಲ್ಲ ಸೇರಿ ಆ ತಿಂಗಳ ಬಜೆಟ್ ಹಳ್ಳ ಹಿಡಿಯಿತು. ಮನೆಯಲ್ಲಿ ‘ನಾಲ್ಕು ಜನ ಕೂತು ಚಹಾ ಕುಡಿಯೋದನ್ನ ನೋಡೋಕೆ ಇಷ್ಟು ದುಡ್ಡಾ?’ ಎಂಬ ಪ್ರಶ್ನೆ ಬಂತು. ನ್ಯಾಯವಾದ ಪ್ರಶ್ನೆಯೇ. ಆದರೂ ಕೊಟ್ಟ ದುಡ್ಡು ದಂಡ ಅಂತ ನನಗೆ ಅನ್ನಿಸಿಲ್ಲ.

ಎರಡೂ ಸಿನಿಮಾಗಳ ಕಚ್ಚಾ ಮಾಲು ಒಂದೇ. 1969ರ ಜನವರಿಯಲ್ಲಿ ಬೀಟಲ್ಸ್‌ನ ನಾಲ್ವರು (ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್) ಮೊದಲು ಲಂಡನ್ನಿನ ಟ್ವಿಕೆನ್‌ಹ್ಯಾಮ್ ಫಿಲ್ಮ್ ಸ್ಟುಡಿಯೊದಲ್ಲಿ, ಆಮೇಲೆ ಸ್ಯಾವಿಲ್ ರೋ 3ನೇ ನಂಬರಿನ ತಮ್ಮದೇ ಆ್ಯಪಲ್ ಕಟ್ಟಡದ ನೆಲಮಾಳಿಗೆಯಲ್ಲಿ ಹೊಸ ಹಾಡು ಕಟ್ಟುತ್ತಿದ್ದಾಗ ನಿರ್ದೇಶಕ ಮೈಕೆಲ್ ಲಿಂಡ್ಸೆ-ಹಾಗ್ ಅದನ್ನು 16 ಎಂಎಂ ಫಿಲ್ಮಿನಲ್ಲಿ ಸೆರೆಹಿಡಿದ. ಅದರಿಂದ ಅವನು ತೆಗೆದ 80 ನಿಮಿಷದ ಚಿತ್ರ ‘ಲೆಟ್ ಇಟ್ ಬಿ’ 1970ರ ಮೇ ತಿಂಗಳಲ್ಲಿ ಬಂತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಬ್ಯಾಂಡ್ ಒಡೆದ ಸುದ್ದಿ ಜಗತ್ತಿಗೆಲ್ಲ ಗೊತ್ತಾಗಿತ್ತು. ಹಾಗಾಗಿ ಥಿಯೇಟರಿಗೆ ಹೋದವರೆಲ್ಲ ಜಗಳ ಹುಡುಕಿಕೊಂಡೇ ಹೋದರು, ಸಿಕ್ಕಿದ್ದೂ ಅದೇ. ಆಮೇಲೆ ಎಂಬತ್ತರ ದಶಕದ ಶುರುವಿನಲ್ಲಿ ವಿಡಿಯೊ ಕ್ಯಾಸೆಟ್ ರೂಪದಲ್ಲಿ ಬಂದು ಕಣ್ಮರೆಯಾದ ಚಿತ್ರ ಮತ್ತೆ ಅಧಿಕೃತವಾಗಿ ಸಿಕ್ಕಿದ್ದು 2024ರ ಮೇನಲ್ಲಿ. ನಡುವಿನ ನಾಲ್ಕು ದಶಕ ಅಭಿಮಾನಿಗಳು ನೋಡಿದ್ದೆಲ್ಲ ಕಾಪಿಯ ಕಾಪಿಯ ಕಾಪಿ. ನಾನು ಮೊದಲು ನೋಡಿದ ನಕಲಿ ವಿಸಿಡಿಯಲ್ಲಿ ಜಾರ್ಜ್ ಯಾರು, ರಿಂಗೋ ಯಾರು ಅಂತ ಗಡ್ಡ-ಮೀಸೆ ನೋಡಿಯೇ ಪತ್ತೆ ಹಚ್ಚಬೇಕಿತ್ತು.

ಜಾಕ್ಸನ್ ಮಾಡಿದ್ದು ಬೇರೆ ಕೆಲಸ. ಸುಮಾರು 60 ಗಂಟೆಯ ಫಿಲ್ಮ್, 150 ಗಂಟೆಗೂ ಮೀರಿದ ಟೇಪು ಕೈಯಲ್ಲಿಟ್ಟುಕೊಂಡು, ಕ್ಯಾಲೆಂಡರಿನಲ್ಲಿ ಒಂದೊಂದೇ ದಿನ ಹೊಡೆದುಹಾಕುತ್ತ ಎಂಟು ಗಂಟೆಗೆ ಸ್ವಲ್ಪ ಕಮ್ಮಿಯ ಮೂರು ಕಂತು ಮಾಡಿದ. 2021ರ ನವೆಂಬರ್ ಕೊನೆಯಲ್ಲಿ ದಿನಕ್ಕೊಂದರಂತೆ ಅವು ಬಂದಾಗ ಅಭಿಮಾನಿಗಳು ಎರಡು ಪಂಗಡವಾದರು. ಒಂದು ಪಂಗಡಕ್ಕೆ ಇದು ಐವತ್ತು ವರ್ಷದ ಕಳಂಕ ತೊಳೆದ ಚಿತ್ರ: ಇವರು ಜಗಳವಾಡುತ್ತಿರಲಿಲ್ಲ, ನಗುತ್ತಿದ್ದರು, ತಮಾಷೆ ಮಾಡುತ್ತಿದ್ದರು, ನೋಡಿ ಅಂತ. ಇನ್ನೊಂದು ಪಂಗಡದ ತಕರಾರು: ಒಂದೇ ಹಾಡಿನ ಅದೇ ಸಾಲನ್ನು ಎಷ್ಟು ಸಲ ಕೇಳೋದು ಸ್ವಾಮಿ, ಎಡಿಟಿಂಗ್ ಟೇಬಲ್ಲಿಗೆ ಕತ್ತರಿ ಸಿಗಲಿಲ್ಲವಾ? ನನ್ನ ಗೆಳೆಯರಲ್ಲೂ ಇದೇ ಗಲಾಟೆ. ಕೀಬೋರ್ಡ್ ನುಡಿಸುವವನೊಬ್ಬ ಮೊದಲ ಕಂತಿನ ಅರ್ಧಕ್ಕೇ ಎದ್ದುಹೋದ. ನಮ್ಮ ಬ್ಯಾಂಡ್ ಪ್ರಾಕ್ಟೀಸೇ ಸಾಕು, ಇನ್ನೊಬ್ಬರದ್ದು ಬೇರೆ ನೋಡಬೇಕಾ ಅಂದ.

ನನಗೆ ಹಿಡಿಸಿದ್ದು ಆ ಬೇಸರವೇ. ಟ್ವಿಕೆನ್‌ಹ್ಯಾಮ್‌ನ ಒಂದು ಬೆಳಿಗ್ಗೆ. ಜಾನ್ ಇನ್ನೂ ಬಂದಿಲ್ಲ. ಪಾಲ್ ತನ್ನ ಬೇಸ್ ಗಿಟಾರನ್ನು ಮಾಮೂಲಿ ಗಿಟಾರಿನ ಹಾಗೆ ಪರಪರ ಬಾರಿಸುತ್ತ, ಮಾತೇ ಇಲ್ಲದೆ ಏನೋ ಗೊಣಗುತ್ತಿದ್ದಾನೆ. ಎದುರಿಗೆ ಕೂತ ಜಾರ್ಜ್ ಬಾಯಿ ತುಂಬ ಆಕಳಿಸುತ್ತಾನೆ. ಪಾಲ್ ಬಿಡುವುದಿಲ್ಲ. ಗೊಣಗಾಟದಲ್ಲಿ ಒಂದು ಲಯ ಬರುತ್ತದೆ, ಲಯಕ್ಕೆ ಅರ್ಧಂಬರ್ಧ ಪದಗಳು ಅಂಟುತ್ತವೆ, ರಿಂಗೋ ಚಪ್ಪಾಳೆ ಹಾಕುತ್ತಾನೆ, ಜಾರ್ಜ್ ಗಿಟಾರ್ ಎತ್ತಿಕೊಳ್ಳುತ್ತಾನೆ. ನೋಡನೋಡುತ್ತ ಎರಡು ನಿಮಿಷದಲ್ಲಿ ‘ಗೆಟ್ ಬ್ಯಾಕ್’ ಹಾಡು ಎದುರಿಗಿದೆ. ಆ ಆಕಳಿಕೆ ಕತ್ತರಿಸಿದ್ದರೆ ಹಾಡು ಆಕಾಶದಿಂದ ಉದುರಿದ ಹಾಗೆ ಕಾಣುತ್ತಿತ್ತು. ‘ಲೆಟ್ ಇಟ್ ಬಿ’ಯಲ್ಲಿ ಈ ದೃಶ್ಯ ಇಲ್ಲ. ಅಲ್ಲಿ ಹಾಡುಗಳು ಹೆಚ್ಚುಕಮ್ಮಿ ಬೆಳೆದು ನಿಂತ ಮೇಲೆಯೇ ನಮ್ಮ ಕಣ್ಣಿಗೆ ಬೀಳುವುದು.

ಜಗಳದ ವಿಷಯದಲ್ಲೂ ಹಾಗೇ. ನೀನು ಹೇಳಿದಂತೆ ನುಡಿಸುತ್ತೇನೆ, ಬೇಡ ಅಂದರೆ ನುಡಿಸುವುದೇ ಇಲ್ಲ ಅಂತ ಜಾರ್ಜ್ ಪಾಲ್‌ಗೆ ತಣ್ಣಗೆ ಹೇಳುವ ಮಾತು ಎರಡರಲ್ಲೂ ಇದೆ. ಹಳೆಯದರಲ್ಲಿ ಅದೊಂದು ಚೂರು ಮಾತ್ರ, ಹಾಗಾಗಿ ಅಷ್ಟು ವರ್ಷ ಪಾಲ್ ವಿಲನ್ ಆಗಿ ಉಳಿದ. ಜನವರಿ 10ರಂದು ಜಾರ್ಜ್ ಬ್ಯಾಂಡೇ ಬಿಟ್ಟು ಎದ್ದುಹೋದದ್ದು ಆ ಚಿತ್ರದಲ್ಲಿ ಇಲ್ಲವೇ ಇಲ್ಲ! ಜಾಕ್ಸನ್ ಅದನ್ನು ತೋರಿಸುತ್ತಾನೆ. ಆಮೇಲೆ ಕ್ಯಾಂಟೀನಿನ ಹೂಕುಂಡದಲ್ಲಿ ಬಚ್ಚಿಟ್ಟ ಮೈಕಿಗೆ ಸಿಕ್ಕ ಜಾನ್-ಪಾಲ್ ಮಾತುಕತೆಯನ್ನೂ ಕೇಳಿಸುತ್ತಾನೆ. ದೃಶ್ಯವಿಲ್ಲ, ದನಿ ಮಾತ್ರ. ಜಾರ್ಜ್‌ನ ಗಾಯಕ್ಕೆ ನಾವಿಬ್ಬರೂ ಮುಲಾಮು ಹಚ್ಚಲಿಲ್ಲ ಎಂಬ ಧಾಟಿಯಲ್ಲಿ ಜಾನ್ ಮಾತಾಡುವುದನ್ನು ಕೇಳಿದ ಮೇಲೆ ವಿಲನ್ ಹುಡುಕುವ ಆಟವೇ ಸಪ್ಪೆ. ಬ್ಯಾಂಡ್ ಒಡೆದವಳೆಂಬ ಆರೋಪ ಹೊತ್ತ ಜಾನ್‌ನ ಸಂಗಾತಿ ಯೋಕೋ ಓನೋ ಬಗ್ಗೆಯೂ ಅಷ್ಟೆ. ಆಕೆ ಪಾಡಿಗೆ ಆಕೆ ಪೇಪರ್ ಓದಿಕೊಂಡು ಕೂತಿರುತ್ತಾಳೆ. ಯೋಕೋ ಆ್ಯಂಪ್ (ಗಿಟಾರಿನ ದನಿ ಜೋರು ಮಾಡುವ ಪೆಟ್ಟಿಗೆ) ಮೇಲೆ ಕೂತಳು ಅಂತ ನಾವು ಒಡೆದುಹೋದೆವು ಅಂತ ಐವತ್ತು ವರ್ಷ ಆದಮೇಲೆ ಜನ ಹೇಳಿದರೆ ಎಂಥ ತಮಾಷೆ ಅಂತ 1969ರಲ್ಲೇ ನಕ್ಕವನು ಪಾಲ್. ಅಷ್ಟು ವರ್ಷ ಆಕೆಯನ್ನು ಬೈದ ಅಭಿಮಾನಿಗಳು ಈ ಜಾಗದಲ್ಲಿ ಏನು ಮಾಡಿದರೋ!

ಇಷ್ಟೆಲ್ಲ ಹೊಗಳಿದ ಮೇಲೆ ನನ್ನ ಹೊಟ್ಟೆಯುರಿ ಹೇಳಬೇಕು. ಆ ಮುಖಗಳು! ಫಿಲ್ಮಿನ ಮೇಲೆ ಸಹಜವಾಗಿ ಕಾಣುವ ಸಣ್ಣ ಕಾಳುಗಳನ್ನು (ಗ್ರೇನ್) ಕಂಪ್ಯೂಟರಿನಲ್ಲಿ ಎಷ್ಟು ಉಜ್ಜಿ ತೆಗೆದಿದ್ದಾರೆ ಅಂದರೆ, ಮದುವೆ ಆಲ್ಬಮ್ಮಿನವರು ವಧುವರರ ಮುಖ ತಿದ್ದಿಕೊಡುವ ಹಾಗೆ ಪಾಲ್‌ನ ಕೆನ್ನೆ ನುಣುಪಾಗಿಬಿಟ್ಟಿದೆ. ಗಡ್ಡದ ಒಂದೊಂದು ಎಳೆಯೂ ಕಾಣುತ್ತದೆ, ಪಕ್ಕದಲ್ಲೇ ಚರ್ಮಕ್ಕೆ ರಂಧ್ರವೇ ಇಲ್ಲ. ಫೋನಿನಲ್ಲಿ ನೋಡಿದವರಿಗೆ ಇದು ಗೊತ್ತೇ ಆಗುವುದಿಲ್ಲ, ಅವರೆಲ್ಲ ನಿನ್ನೆ ಶೂಟ್ ಮಾಡಿದ ಹಾಗಿದೆ ಅಂತ ಬಾಯಿ ಚಪ್ಪರಿಸಿದರು. ದೊಡ್ಡ ಪರದೆಯಲ್ಲಿ, ಅದರಲ್ಲೂ ಕ್ಯಾಮೆರಾ ನಿಧಾನಕ್ಕೆ ತಿರುಗುವಾಗ, ಹಿಂದಿನ ಬಣ್ಣದ ಗೋಡೆ ಮತ್ತು ಮುಂದಿನ ಮುಖ ಬೇರೆ ಬೇರೆ ದಿನ ತೆಗೆದಂತೆ ಕಾಣುತ್ತವೆ.

ದುಡ್ಡು ಸುರಿದು ಡಿಸ್ಕ್ ತರಿಸಿದ್ದಕ್ಕೆ ಇದೂ ಒಂದು ಕಾರಣ. ಸ್ಟ್ರೀಮಿಂಗ್‌ನವರು ಚಿತ್ರ ಹಿಂಡಿ ಕಳಿಸುವುದರಿಂದ ಹೀಗಾಗಿರಬಹುದು, ಡಿಸ್ಕಿನಲ್ಲಿ ಕಾಳು ಉಳಿದಿರಬಹುದು ಅಂತ ಆಸೆ. ಉಳಿದಿರಲಿಲ್ಲ. ಕತ್ತಲ ಮೂಲೆಗಳು ಸ್ವಲ್ಪ ಶುದ್ಧವಾದವು, ಮೇಣದ ಕೆನ್ನೆ ಮೇಣವಾಗಿಯೇ ಉಳಿಯಿತು. ಆಮೇಲೆ ಟಿವಿಯ ಶಾರ್ಪ್‌ನೆಸ್ ಸೊನ್ನೆಗಿಳಿಸಿ, ಚಲನೆ ನಯ ಮಾಡುವ ಆಯ್ಕೆ ಆಫ್ ಮಾಡಿ, ಸಿನಿಮಾ ಮೋಡಿಗೆ ಹಾಕಿದ ಮೇಲೆ ಅರ್ಧ ಕಿರಿಕಿರಿ ಕಮ್ಮಿಯಾಯಿತು. ಅದಕ್ಕೆ ಮುಂಚೆ ಟಿವಿ ತಾನೇ ಇನ್ನೊಂದು ಸುತ್ತು ಉಜ್ಜುತ್ತಿತ್ತು. ನಿಮ್ಮಲ್ಲಿ ಯಾರಾದರೂ ನೋಡಲು ಕೂರುವುದಾದರೆ ಚಹಾಕ್ಕೆ ನೀರಿಡುವ ಮೊದಲು ಈ ಸೆಟ್ಟಿಂಗ್ ಮುಗಿಸಿಕೊಳ್ಳಿ.

ಈ ಒಂದು ಸುತ್ತಿನಲ್ಲಿ ‘ಲೆಟ್ ಇಟ್ ಬಿ’ ಗೆದ್ದಿತು. 2024ರ ಪ್ರತಿಯೂ ಜಾಕ್ಸನ್ ತಂಡದ ಕೈಯಿಂದಲೇ ಬಂದದ್ದು, ಆದರೆ ನನ್ನ ಕಣ್ಣಿಗೆ ಅದು ಫಿಲ್ಮಿನ ಹಾಗೇ ಕಾಣುತ್ತದೆ, ಮುಖ ಮುಖವಾಗಿದೆ. ಅದೇ ಕೈ ಇಲ್ಲಿ ಸಂಯಮ ತೋರಿಸಬಹುದಾಗಿತ್ತಾದರೆ ಅಲ್ಲಿ ಏಕೆ ಅಷ್ಟು ಉಜ್ಜಿದರು ಎಂಬ ಸಿಟ್ಟು ಇನ್ನೂ ಇಳಿದಿಲ್ಲ.

ಅದೇ ಯಂತ್ರವಿದ್ಯೆ ಶಬ್ದದಲ್ಲಿ ಮಾಡಿರುವುದಕ್ಕೆ ಮಾತ್ರ ಕೈಮುಗಿಯಬೇಕು. ಮೂಲ ಟೇಪು ಮೋನೋ, ಅಂದರೆ ಎಲ್ಲ ದನಿ ಒಂದೇ ಟ್ರ್ಯಾಕಿನಲ್ಲಿ, ಎಲ್ಲ ಕಲಸಿಹೋಗಿತ್ತು. ಗುಟ್ಟಿನ ಮಾತು ಕೇಳಿಸಬಾರದೆಂದು ಇವರು ಬೇಕಂತಲೇ ಗಿಟಾರ್ ಜೋರು ಮಾಡಿಕೊಂಡು ಮಾತಾಡುತ್ತಿದ್ದರಂತೆ. ‘ಮ್ಯಾಲ್’ ಎಂಬ ಆ ತಂತ್ರಾಂಶ ಗಿಟಾರನ್ನು ಪಕ್ಕಕ್ಕೆ ಸರಿಸಿ ಗುಟ್ಟನ್ನು ಹೊರಗೆಳೆದಿದೆ. 2023ರ ‘ನೌ ಆ್ಯಂಡ್ ದೆನ್’ ಹಾಡಿಗೆ ಜಾನ್‌ನ ಹಳೇ ಕ್ಯಾಸೆಟ್ಟಿನಿಂದ ದನಿ ಬಿಡಿಸಿ ತೆಗೆದದ್ದೂ ಇದೇ ವಿದ್ಯೆಯಿಂದ.

ಕೊನೆಗೆ ಆ್ಯಪಲ್ ಕಟ್ಟಡದ ಛಾವಣಿ ಮೇಲೆ ಇವರು ನಡೆಸಿದ ಕಛೇರಿಯ ವಿಷಯದಲ್ಲಿ ಗೆದ್ದದ್ದು ‘ಗೆಟ್ ಬ್ಯಾಕ್’. 42 ನಿಮಿಷ ಪೂರ್ತಿ ಇದೆ, ಕೆಳಗೆ ರಿಸೆಪ್ಷನ್ನಿನಲ್ಲಿ ಪೊಲೀಸರನ್ನು ಸತಾಯಿಸುವುದನ್ನೂ ಸೇರಿಸಿ. ರೆಕಾರ್ಡಿಂಗ್ ನಡುವೆ ಅತಿಥಿ ವಾದಕ ಬಿಲ್ಲಿ ಪ್ರೆಸ್ಟನ್ ಬಂದು ಕೀಬೋರ್ಡಿಗೆ ಕೂತ ಕೂಡಲೇ ಎಲ್ಲರ ಬೆನ್ನು ನೇರವಾಗುವುದೂ ಈ ಚಿತ್ರದಲ್ಲೇ ಸರಿಯಾಗಿ ಕಾಣುವುದು, ಹಳೆಯದರಲ್ಲಿ ಅವನು ಯಾರೆಂದೇ ಹೇಳುವುದಿಲ್ಲ. ಹಿಂದಿನ ವರ್ಷ ಧ್ಯಾನ ಕಲಿಯಲು ಹೋಗಿದ್ದಾಗ ರಿಷಿಕೇಶದಲ್ಲಿ ತೆಗೆದ ತಮ್ಮದೇ ಚಿತ್ರಗಳ ಬಗ್ಗೆ ಪಾಲ್ ಗೇಲಿ ಮಾಡಿ, ಜಾರ್ಜ್ ಮುಖ ಬಿಗಿದುಕೊಳ್ಳುವ ಜಾಗ ನಮ್ಮವರಿಗೆ ಇಷ್ಟವಾಗುತ್ತದೆ. ಸಬ್‌ಟೈಟಲ್ ಹಾಕಿಕೊಳ್ಳಿ, ಲಿವರ್‌ಪೂಲ್ ಇಂಗ್ಲಿಷು ನಮ್ಮ ಕಿವಿಗೆ ಅಷ್ಟು ಬೇಗ ಒಗ್ಗುವುದಿಲ್ಲ.

ಮೆಟಲ್ ಸಂಗೀತದ ಪಕ್ಷದವರು ಇಲ್ಲಿ ಮೂರನೇ ಹೆಸರು ಎತ್ತುತ್ತಾರೆ: ಮೆಟಾಲಿಕಾ ಬ್ಯಾಂಡಿನ ಬಗ್ಗೆ ಬಂದ 2004ರ ಸಾಕ್ಷ್ಯಚಿತ್ರ ‘ಸಮ್ ಕೈಂಡ್ ಆಫ್ ಮಾನ್‌ಸ್ಟರ್’. 2011ರ ಅಕ್ಟೋಬರಿನಲ್ಲಿ ಅರಮನೆ ಮೈದಾನದಲ್ಲಿ ಮೆಟಾಲಿಕಾ ನೋಡಿ ಗಂಟಲು ಕಟ್ಟಿಸಿಕೊಂಡ ಬೆಂಗಳೂರಿನ ಗೆಳೆಯರಿಗೆ ಅದೇ ವೇದ. ‘ಸೇಂಟ್ ಆ್ಯಂಗರ್’ ಆಲ್ಬಂ ಮಾಡುವಾಗ ತಿಂಗಳಿಗೆ 40,000 ಡಾಲರ್ ಕೊಟ್ಟು ಆಪ್ತಸಲಹೆಗಾರನನ್ನು ಇಟ್ಟುಕೊಂಡ ಬ್ಯಾಂಡದು. ಗಾಯಕ ಜೇಮ್ಸ್ ಹೆಟ್‌ಫೀಲ್ಡ್ ಕುಡಿತದ ಚಿಕಿತ್ಸೆ ಮುಗಿಸಿ ಬಂದು ಮಧ್ಯಾಹ್ನ 12ರಿಂದ 4ರವರೆಗೆ ಮಾತ್ರ ಕೆಲಸ ಅನ್ನುವುದು, ಡ್ರಮ್ಮರ್ ಲಾರ್ಸ್ ಉಲ್ರಿಕ್ ಅವನ ಮುಖಕ್ಕೆ ಮುಖ ಕೊಟ್ಟು ಕಿರುಚುವುದು, ಎಲ್ಲ ಇದೆ. ಬಂದಾಗ ಅಭಿಮಾನಿಗಳು ಇದೇನು ಮೆಟಲ್ಲೋ ಕೌನ್ಸೆಲಿಂಗೋ ಅಂತ ಗೇಲಿ ಮಾಡಿದರು, ಈಗ ಅವರೇ ಇದನ್ನು ಮೆಚ್ಚುತ್ತಾರೆ. ಅಷ್ಟು ಬತ್ತಲಾಗುವ ಧೈರ್ಯ ಬೀಟಲ್ಸ್‌ನ ಎರಡೂ ಚಿತ್ರಕ್ಕಿಲ್ಲ, ಒಪ್ಪುತ್ತೇನೆ. ಆದರೆ ಅಷ್ಟೆಲ್ಲ ಒದ್ದಾಡಿದ ಮೇಲೆ ಹುಟ್ಟಿದ್ದು ಆ ಡಬ್ಬ ಬಡಿದ ಹಾಗಿನ ಸ್ನೇರ್ ಡ್ರಮ್ಮಿನ ಆಲ್ಬಂ. ಮತ್ತೊಂದು ಸಲ ನೋಡಲು ನನಗೆ ಮನಸ್ಸು ಬಂದಿಲ್ಲ.

ನನ್ನ ಅಭ್ಯಾಸ ಹೀಗೆ: ರಾತ್ರಿ ಊಟವಾದ ಮೇಲೆ ಮುಕ್ಕಾಲು ಗಂಟೆ, ಗಿಟಾರ್ ತೊಡೆಯ ಮೇಲೆ, ಎಲ್ಲಿಂದಾದರೂ ಹಾಕು, ಎಲ್ಲಾದರೂ ನಿಲ್ಲಿಸು. ಈ ಅಭ್ಯಾಸಕ್ಕೆ ‘ಗೆಟ್ ಬ್ಯಾಕ್’ ಅಳತೆ ಕೊಟ್ಟು ಹೊಲಿಸಿದಂತಿದೆ. ಒಂದೇ ಕೂತಕ್ಕೆ ಸಿನಿಮಾ ಮುಗಿಯಬೇಕು ಅನ್ನುವವರು ಒಂದು ತಿಂಗಳ ಚಂದಾ ಕಟ್ಟಿ ‘ಲೆಟ್ ಇಟ್ ಬಿ’ ನೋಡಿ, ಡಿಸ್ಕಿನ ಸಹವಾಸ ಬೇಡ. ಎರಡನ್ನೂ ನೋಡುವವರು ಮಾತ್ರ 1970ರದನ್ನು ಮೊದಲು ನೋಡಿ. ಎಂಟು ಗಂಟೆ ಆದಮೇಲೆ ಅದಕ್ಕೆ ಬಂದರೆ ಪ್ರತಿ ದೃಶ್ಯಕ್ಕೂ ‘ಇದರ ಮುಂದಿನದು ಎಲ್ಲಿ?’ ಅಂತ ರಿಮೋಟು ಹುಡುಕುತ್ತೀರಿ.