ಹ್ಯಾಲೋವೀನ್: ಎಚ್20 ನೋಡೋದಾ, ಎಂಡ್ಸ್ ನೋಡೋದಾ?

ಹ್ಯಾಲೋವೀನ್ ಹಾರರ್ ಸಿನಿಮಾ ಸರಣಿಲಿ ಮುಖವಾಡದ ಕೊಲೆಗಾರ ಮೈಕಲ್, ಅವನ ಕೈಯಿಂದ ತಪ್ಪಿಸ್ಕೊಂಡ ಲೋರಿ, ಇವರಿಬ್ರ ಕಥೆ ಮುಗಿಸೋಕೆ 1998ರ ಎಚ್20 ನೋಡ್ಲಾ, 2022ರ ಎಂಡ್ಸ್ ನೋಡ್ಲಾ ಅಂತ ಕೇಳಿದ್ಯಲ್ಲ ಗುರು, ಎಂಡ್ಸ್ ನಂಗೆ ನಿರಾಸೆನೇ ಮಾಡ್ತು, ಅದನ್ನ ಮೊದ್ಲೇ ಹೇಳ್ಬಿಡ್ತೀನಿ.

ಟೈಮ್ ಲೆಕ್ಕದಲ್ಲಿ ಎಚ್20 ಸಲೀಸು, ಒಂದೂವರೆ ಗಂಟೆನೂ ಇಲ್ಲ, ಅದಕ್ಕೆ ಮುಂಚೆ 1978ರ ಮೊದಲ ಸಿನಿಮಾ, 1981ರ ಎರಡನೇದು ನೋಡಿದ್ರೆ ಸಾಕು. ಎಂಡ್ಸ್‌ಗೆ 1978ರದ್ದಾದ್ಮೇಲೆ 2018, 2021ರವೆರಡೂ ನೋಡ್ಲೇಬೇಕು (1981ರದ್ದು ಬೇಡ, ಲೋರಿ ಮೈಕಲ್‌ನ ತಂಗಿ ಅಂತ ಅದ್ರಲ್ಲಿ ಬರೋ ಕಥೆನೇ ಈ ಹೊಸ ಸಿನಿಮಾದವ್ರು ಕಿತ್ತಾಕಿದ್ದಾರೆ).

ಮೈಕಲ್‌ಗೋಸ್ಕರ ನೋಡ್ತೀಯಾ ಅಂದ್ರೆ ಎಂಡ್ಸ್ ಕಡೆ ಹೋಗ್ಲೇಬೇಡ. ಸಿನಿಮಾದ ಬಹುಪಾಲು ಕೋರಿ ಅನ್ನೋ ಹೊಸ ಹುಡುಗನ ಹಿಂದೆನೇ ಸುತ್ತುತ್ತೆ, ಮೈಕಲ್ ಪಾಪ ಚರಂಡಿ ಪೈಪೊಳಗೆ ಸುಸ್ತಾಗಿ ಕೂತಿರ್ತಾನೆ, ಲೋರಿ-ಮೈಕಲ್ ಫೈಟ್ ನೋಡೋಣ ಅಂತ ಹೋದವ್ರಿಗೆ ಅದು ಸಿಗೋದು ಕೊನೇಲಿ ಅಡುಗೆಮನೇಲಿ ಸ್ವಲ್ಪ ಹೊತ್ತು ಅಷ್ಟೇ. ಆದ್ರೆ ಒಂದು ಊರೇ ಸೇರ್ಕೊಂಡು ಒಬ್ಬನ್ನ ಹೆಂಗೆ ರಾಕ್ಷಸ ಮಾಡುತ್ತೆ ಅನ್ನೋ ಥರದ ಕಥೆ ಇಷ್ಟ ಪಡೋರಿಗೆ ಕೋರಿ ಭಾಗ ಹಿಡಿಸ್ಬಹುದು, ಅದನ್ನ ಬೇರೆ ಸಿನಿಮಾನೇ ಮಾಡ್ಬಹುದಿತ್ತು ಬಿಡು.

ಇನ್ನು ಕ್ಲೈಮ್ಯಾಕ್ಸ್, ಸ್ಪಾಯ್ಲರ್ ಬೇಡ ಅಂದ್ರೆ ಇಲ್ಲೇ ನಿಲ್ಸು. ಎಚ್20ಲಿ ಲೋರಿ ಕೊಡಲಿ ಬೀಸಿದ್ರೆ ಮೈಕಲ್ ತಲೆ ಹಾರುತ್ತೆ, ಮೈ ಜುಂ ಅನ್ನುತ್ತೆ, ಆದ್ರೆ ಅದರ ಮುಂದಿನ ಭಾಗ, 2002ರ ರಿಸರೆಕ್ಷನ್ ಬಂದು ಆ ತಲೆ ಆಂಬುಲೆನ್ಸ್‌ನವನದ್ದು ಅಂದ್ಬಿಡ್ತು! ಎಂಡ್ಸ್‌ನಲ್ಲಿ ಊರೋರೆಲ್ಲಾ ಮೆರವಣಿಗೆ ಮಾಡ್ಕೊಂಡು ಮೈಕಲ್ ಹೆಣನ ಗುಜರಿ ಪುಡಿ ಮಾಡೋ ಮಷಿನ್‌ಗೆ ಹಾಕ್ತಾರೆ. ಹಂಗಾಗಿ ಪಕ್ಕಾ ಮುಗೀಬೇಕು ಅನ್ನೋನಿಗೆ ಎಂಡ್ಸ್, ಫ್ರೆಂಡ್ಸ್ ಜೊತೆ ಕಿರುಚ್ಕೊಂಡು ನೋಡೋಕೆ ಎಚ್20, ರಿಸರೆಕ್ಷನ್ ಮಾತ್ರ ಮುಟ್ಬೇಡ.