ಪಿವಟ್ ಟೇಬಲ್‌ನ ಅಂಕಣದ ಹೆಸರು: ಮೂಲದಲ್ಲಿ ತಿದ್ದುವುದೋ, ಟೇಬಲ್‌ನಲ್ಲಿ ತಿದ್ದುವುದೋ?

ದೊಡ್ಡ ಹಾಳೆಯ ಲೆಕ್ಕವನ್ನು ಗುಂಪು ಗುಂಪಾಗಿ ಒಟ್ಟು ಮಾಡಿ ತೋರಿಸುವ ಎಕ್ಸೆಲ್‌ನ ಪಿವಟ್ ಟೇಬಲ್‌ನಲ್ಲಿ ಅಂಕಣದ ಹೆಸರು ಬದಲಿಸಬೇಕೆಂದರೆ ನಾನು ಆ ಹೆಸರಿರುವ ಕೋಶದ ಮೇಲೆಯೇ ಹೊಸದನ್ನು ಟೈಪ್ ಮಾಡುತ್ತೇನೆ. ಪಿವಟ್‌ಗೆ ಮಾಹಿತಿ ಕೊಡುವ ಮೂಲ ಹಾಳೆಯಲ್ಲಿ ತಿದ್ದುವ ದಾರಿಯನ್ನೂ ಹಿಡಿದು ನೋಡಿದ್ದೇನೆ. ಮತ್ತೆ ಅತ್ತ ಹೋಗುವುದಿಲ್ಲ.

ಶಿರಸಿಯ ಅಡಿಕೆ ವಖಾರಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ಬಿಲ್ಲಿಂಗ್ ತಂತ್ರಾಂಶದಿಂದ ಬರುವ ಹಾಳೆಯಲ್ಲಿ ತೂಕದ ಅಂಕಣಕ್ಕೆ ‘ನೆಟ್_ಡಬ್ಲ್ಯೂಟಿ’ (ನೆಟ್ ವೇಟ್, ಅಂದರೆ ನಿವ್ವಳ ತೂಕ) ಎಂಬ ಹೆಸರು. ಪಿವಟ್‌ಗೆ ಎಳೆದರೆ ಅದು ಮೊತ್ತ ಎಂಬರ್ಥದ ‘ಸಮ್ ಆಫ್’ ಸೇರಿ ‘ಸಮ್ ಆಫ್ ನೆಟ್_ಡಬ್ಲ್ಯೂಟಿ’ ಆಗುತ್ತದೆ. ರಾಶಿ, ಚಾಲಿ, ಬೆಟ್ಟೆ ಎಂಬ ಅಡಿಕೆ ಬಗೆಗಳ ಲೆಕ್ಕ ಮುದ್ರಿಸಿ ಕೊಟ್ಟಾಗ ಯಜಮಾನರು, ‘ಇದು ತೂಕವೋ, ಚೀಲವೋ?’ ಎಂದು ಪ್ರತಿ ಸಲವೂ ಕೇಳುತ್ತಿದ್ದರು.

ಬೇರಿನಲ್ಲೇ ಸರಿಪಡಿಸೋಣವೆಂದು ಮೂಲ ಹಾಳೆಯ ಶೀರ್ಷಿಕೆಯನ್ನು ‘ತೂಕ’ ಎಂದು ಬದಲಿಸಿ ರಿಫ್ರೆಶ್ ಒತ್ತಿದೆ. ನಾಲ್ಕೂ ಪಿವಟ್‌ಗಳಿಂದ ತೂಕದ ಅಂಕಣವೇ ಮಾಯವಾಯಿತು. ಪಿವಟ್ ತನ್ನ ಅಂಕಣವನ್ನು ಗುರುತಿಸುವುದು ಶೀರ್ಷಿಕೆಯ ಹೆಸರಿನಿಂದ. ಹೆಸರು ಬದಲಾದರೆ ಹಳೆಯದು ಇಲ್ಲವೆಂದು ಕೈಬಿಡುತ್ತದೆ. ಎಲ್ಲವನ್ನೂ ಮತ್ತೆ ಎಳೆದು ಜೋಡಿಸಿದೆ. ಆಗ ‘ಸಮ್ ಆಫ್ ತೂಕ’ ಎಂದು ಬಂತು. ಅದರ ಮೇಲೆ ‘ತೂಕ’ ಎಂದು ಟೈಪ್ ಮಾಡಿದರೆ, ಆ ಹೆಸರಿನ ಫೀಲ್ಡ್ (ಮೂಲದ ಅಂಕಣ) ಈಗಾಗಲೇ ಇದೆ ಎಂದು ಎಕ್ಸೆಲ್ ಒಪ್ಪಲಿಲ್ಲ. ಮುಂದಿನ ತಿಂಗಳು ಹೊಸ ಹಾಳೆಯನ್ನು ಶೀರ್ಷಿಕೆ ಸಮೇತ ಅಂಟಿಸಿದಾಗ ಹಳೆಯ ಹೆಸರು ಮರಳಿ ಬಂದು, ಅಂಕಣಗಳು ಮತ್ತೆ ಮಾಯವಾದವು. ಎರಡು ಸಲವೂ ತಿಂಗಳ ಕೊನೆಯ ರಾತ್ರಿ ಇದರಲ್ಲೇ ಕಳೆಯಿತು.

ಹೆಸರಿನ ಕೊನೆಗೆ ಒಂದು ಖಾಲಿ ಜಾಗ ಸೇರಿಸಿದರೆ ಎಕ್ಸೆಲ್ ಒಪ್ಪುತ್ತದೆ. ಕೆಲಸ ನಡೆಯುತ್ತದೆ, ಆದರೆ ಕಣ್ಣಿಗೆ ಕಾಣದ ಗುರುತನ್ನು ಲೆಕ್ಕದ ಹಾಳೆಯಲ್ಲಿ ಬಿಡುವುದು ನನಗೆ ಹಿಡಿಸುವುದಿಲ್ಲ.

ಎಕ್ಸೆಲ್ ಒಳಗೇ ಮಾಹಿತಿ ಕೂಡಿಡುವ ಡೇಟಾ ಮಾಡೆಲ್‌ನಲ್ಲಿ ಮೆಷರ್ (ನಾವೇ ಹೆಸರಿಟ್ಟು ಬರೆಯುವ ಲೆಕ್ಕದ ಸೂತ್ರ) ಬರೆದರೆ ಹೆಸರು ಅದಕ್ಕೇ ಅಂಟಿಕೊಂಡಿರುತ್ತದೆ, ಪಿವಟ್‌ನಿಂದ ತೆಗೆದು ಮತ್ತೆ ಹಾಕಿದರೂ ಹೋಗುವುದಿಲ್ಲ. ಮೂರು ಅಂಕಣಗಳ ಲೆಕ್ಕಕ್ಕೆ ಅಷ್ಟು ಏರ್ಪಾಡು ನನಗೆ ಬೇಡ.

ಹಾಗಾಗಿ ಮೂಲದಲ್ಲಿ ‘ನೆಟ್_ಡಬ್ಲ್ಯೂಟಿ’ ಹಾಗೆಯೇ ಇರಲಿ ಎಂದು ಬಿಟ್ಟಿದ್ದೇನೆ. ಮೂಲದ ಹೆಸರು ಒರಟಾಗಿದ್ದಷ್ಟೂ ಅನುಕೂಲ: ‘ತೂಕ’ ಎಂಬ ಚೆಂದದ ಹೆಸರು ಪಿವಟ್‌ಗೆ ಮುಕ್ತವಾಗಿ ಸಿಗುತ್ತದೆ, ಖಾಲಿ ಜಾಗದ ಉಪಾಯವೂ ಬೇಕಾಗುವುದಿಲ್ಲ. ಸಾಲಿನ ಕಡೆ ‘ರೋ ಲೇಬಲ್ಸ್’ ಎಂದು ಬರುವುದನ್ನು ರಿಪೋರ್ಟ್ ಲೇಔಟ್‌ನ ಟ್ಯಾಬ್ಯುಲರ್ ಫಾರ್ಮ್ ಎಂಬ ಆಯ್ಕೆ ನಿವಾರಿಸುತ್ತದೆ. ಈ ದಾರಿಯಲ್ಲೂ ಒಂದು ಕೊರತೆಯಿದೆ: ಮೊತ್ತದ ಅಂಕಣವನ್ನು ಪಿವಟ್‌ನಿಂದ ತೆಗೆದು ಮತ್ತೆ ಹಾಕಿದರೆ ಕೊಟ್ಟ ಹೆಸರು ಅಳಿದು ‘ಸಮ್ ಆಫ್’ ಮರಳುತ್ತದೆ. ಅದಕ್ಕೆ ಮುದ್ರಿಸುವ ಪಿವಟ್ ಅನ್ನು ಮುಟ್ಟದೆ, ಪರೀಕ್ಷೆಗೆಂದು ಅದರ ಇನ್ನೊಂದು ಪ್ರತಿ ಇಟ್ಟುಕೊಂಡಿದ್ದೇನೆ.