ಪ್ಯಾನಿಕ್‌ಗೆ ಸಿಬಿಟಿನಾ, ಸೈಕೋಡೈನಮಿಕ್ ಥೆರಪಿನಾ? ಎರಡನ್ನೂ ತಗೊಂಡ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸಿಬಿಟಿಗೆ, ಅಂದರೆ ಯೋಚನೆ, ನಡವಳಿಕೆ ಎರಡನ್ನೂ ಬದಲಿಸಲು ಕಲಿಸುವ ಕಾಗ್ನಿಟಿವ್ ಬಿಹೇವಿಯರಲ್ ಥೆರಪಿಗೆ.

ಕೊಪ್ಪಳದಿಂದ ಗಂಗಾವತಿಗೆ ದಿನಾ ಬಸ್ಸಲ್ಲಿ ಹೋಗಿ ಬರುವ ನೌಕರಿ ನನ್ನದು. ಬಸ್ ತುಂಬಿ ಬಾಗಿಲು ಹಾಕಿದ ಕೂಡಲೇ ಎದೆ ಡವಡವ, ಕೈ ಜೋಮು, ಈಗಲೇ ಸತ್ತೆ ಅನ್ನುವಂಥ ಭಯ. ಇಸಿಜಿ ನಾರ್ಮಲ್. ಇದು ಪ್ಯಾನಿಕ್ ಅಂದರು ಡಾಕ್ಟರು. ಮೊದಲು ಸೈಕೋಡೈನಮಿಕ್ ಥೆರಪಿ ತಗೊಂಡೆ, ಆಮೇಲೆ ಸಿಬಿಟಿ. ಎರಡೂ ಆನ್‌ಲೈನ್, ಎರಡೂ ಕನ್ನಡದಲ್ಲೇ.

ಸೈಕೋಡೈನಮಿಕ್ ಅಂದರೆ ಮನೋವಿಶ್ಲೇಷಣೆ ಶುರುಮಾಡಿದ ಫ್ರಾಯ್ಡ್ ಹಾಕಿಕೊಟ್ಟ ದಾರಿ. ಮನಸ್ಸಿಗೆ ಬಂದದ್ದನ್ನು ಸೋಸದೆ ಹೇಳುತ್ತಾ ಹೋಗಬೇಕು. ಹತ್ತಿರದವರ ಬಗ್ಗೆ ಚಿಕ್ಕಂದಿನಲ್ಲಿ ಬೆಳೆದ ಭಾವನೆಗಳು ನಮಗೇ ಗೊತ್ತಿಲ್ಲದೆ ಥೆರಪಿಸ್ಟ್ ಕಡೆ ತಿರುಗುತ್ತವೆ. ಅವನ್ನು ಹಿಡಿದು ನೋಡುವುದು ಅಲ್ಲಿಯ ಮುಖ್ಯ ಕೆಲಸ. ಅದಕ್ಕೇ ಥೆರಪಿಸ್ಟ್ ಜಾಸ್ತಿ ಮಾತಾಡುವುದಿಲ್ಲ.

ನನಗೆ ತೊಡಕಾದದ್ದು ಇಲ್ಲೇ. ಎದುರಿಗೆ ಕೂತಿದ್ದರೆ ಅವರು ಕೇಳುತ್ತಿದ್ದಾರೆ ಅಂತ ಕಣ್ಣು ನೋಡಿದರೇ ಗೊತ್ತಾಗುತ್ತದೆ. ಫೋನಿನಲ್ಲಿ ಹಾಗಲ್ಲ. ನಾನು ಮಾತು ಮುಗಿಸಿದ ಮೇಲೆ ಮೇಡಂ ಮುಖ ಅಲ್ಲಾಡದೆ ನಿಂತಿರುತ್ತಿತ್ತು. ಸುಮ್ಮನಿದ್ದಾರೋ, ನೆಟ್‌ವರ್ಕ್ ಹೋಗಿದೆಯೋ? "ಮೇಡಂ, ಕೇಳಿಸ್ತಿದೆಯಾ?" ಅಂದರೆ "ಹ್ಞೂಂ, ಹೇಳಿ" ಅನ್ನುವ ದಿನವೂ ಇತ್ತು, ಕಾಲ್ ಕಟ್ಟಾಗುವ ದಿನವೂ ಇತ್ತು.

ಸಿಗ್ನಲ್ ಚೆನ್ನಾಗಿ ಸಿಗುವುದು ಮಾಳಿಗೆ ಮೇಲೆ. ಅಲ್ಲಿ ಕೂತು ಅಪ್ಪನ ಬಗ್ಗೆ ಮಾತಾಡಿದರೆ ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಒಣಹಾಕುವವರಿಗೂ ಕೇಳಿಸುತ್ತದೆ. ಹಾಗಾಗಿ ಕೆಳಗಿನ ಕೋಣೆಯಲ್ಲೇ ಬಾಗಿಲು ಹಾಕಿಕೊಂಡು, ಅರ್ಧಂಬರ್ಧ ಸಿಗ್ನಲ್‌ನಲ್ಲೇ ಮಾತಾಡಬೇಕು. ಮೌನದ ಮೇಲೇ ನಿಂತಿರುವ ಥೆರಪಿಗೆ ಇದು ಸಣ್ಣ ತೊಂದರೆ ಅಲ್ಲ.

ಹಾಗಿದ್ದೂ ಒಂದು ಸಲ ದೊಡ್ಡದೇ ಸಿಕ್ಕಿತು. "ನಾನು ಸುಮ್ಮನಾದರೆ ನಿಮಗೆ ಏನಾಗುತ್ತೆ?" ಅಂತ ಮೇಡಂ ಕೇಳಿದರು. ನಮ್ಮಪ್ಪ ಸಿಟ್ಟು ಬಂದರೆ ಬೈಯುತ್ತಿರಲಿಲ್ಲ, ದಿನಗಟ್ಟಲೆ ಮಾತು ಬಿಡುತ್ತಿದ್ದರು. ಅದನ್ನು ಹೇಳುತ್ತಾ ಅತ್ತೆ. ಎಷ್ಟೋ ಹಗುರಾಯಿತು. ಆದರೆ ಮರುದಿನ ಬಸ್ಸಲ್ಲಿ ಎದೆ ಹಾಗೇ ಹೊಡೆದುಕೊಂಡಿತು.

ಸಿಬಿಟಿ ದಾರಿ ತೋರಿಸಿದ ಅಮೆರಿಕದ ಮನೋವೈದ್ಯ ಏರನ್ ಬೆಕ್ ಕೂಡ ಮೊದಲು ಕಲಿತದ್ದು ಮನೋವಿಶ್ಲೇಷಣೆಯನ್ನೇ. 1960ರ ದಶಕದಲ್ಲಿ ಅವರು ತಟ್ಟನೆ ತಲೆಗೆ ಬರುವ ಯೋಚನೆಗಳ ಕಡೆ ತಿರುಗಿದರು. ಆ ಯೋಚನೆಗಳನ್ನು ಬರೆದಿಡಲು ಒಂದು ಹಾಳೆ ಕೊಡುತ್ತಾರೆ. ತುಂಬುವುದು ಬೇಸರದ ಕೆಲಸ, ಅಷ್ಟೇ.

ನನ್ನನ್ನು ಬದಲಿಸಿದ್ದು ಹಾಳೆಯಲ್ಲ. ಈ ಥೆರಪಿಸ್ಟ್ ಸರ್ ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಒಂದು ನಿಮಿಷ ಬೇಗಬೇಗ ಜೋರಾಗಿ ಉಸಿರಾಡಿ ಅಂದರು. ಬೆರಳು ಜುಮ್ಮೆಂದವು, ತುಟಿ ಮರಗಟ್ಟಿತು, ತಲೆ ತಿರುಗಿತು. ಬಸ್ಸಲ್ಲಿ ಆಗುವುದೆಲ್ಲ ಮನೆಯಲ್ಲೇ ಆಯಿತು, ತಾನಾಗಿ ಇಳಿಯಿತು. ಆಮೇಲೆ ಬಸ್ಸು: ಬಾಗಿಲ ಹತ್ತಿರದ ಸೀಟು ಬೇಡ, ಕೈಯಲ್ಲಿ ನೀರಿನ ಬಾಟಲಿ ಬೇಡ, ನಡುವೆ ಇಳಿಯುವುದೂ ಬೇಡ, ಯಾವ ಆಸರೆಯೂ ಇಲ್ಲದೆ ಭಯದ ಜೊತೆ ಕೂತಿರಿ ಅಂದರು. ಪ್ಯಾನಿಕ್ ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಬರಬರುತ್ತಾ, ಗಿಣಿಗೇರಾ ದಾಟುವಷ್ಟರಲ್ಲಿ ನಾನು ಕಿಟಕಿ ಹೊರಗೆ ನೋಡುತ್ತಾ ಕೂತಿರುತ್ತಿದ್ದೆ.

ಸಿಬಿಟಿ ಬರೀ ಯೋಚನೆ ತಿದ್ದುವ ಥೆರಪಿ ಅಂತ ತುಂಬಾ ಜನ ಹೇಳುತ್ತಾರೆ. ನಾನು ಕಂಡದ್ದು ಹಾಗಲ್ಲ. ಯಾವ ದಿನ ಭಯ ಹೋಯಿತು ಅಂತ ನನಗೇ ಗೊತ್ತಿಲ್ಲ. ಆ ಕಲಿಕೆ ನನ್ನ ಅರಿವಿಗೆ ಬಾರದೆ ಮೈಯೊಳಗೇ ನಡೆದಿತ್ತು. ಹಳೆಯ ಭಯ ಪೂರ್ತಿ ಅಳಿಸಿಹೋಗುವುದೂ ಇಲ್ಲ, ಅದರ ಜೊತೆಗೆ ಹೊಸ ಕಲಿಕೆ ಬಂದು ಸೇರುತ್ತದೆ. ನಿಂತುಹೋದ ಅಭ್ಯಾಸ ಬಿಡುವಿನ ನಂತರ ತಾನಾಗಿ ಮರಳುವುದನ್ನು ರಷ್ಯಾದ ವಿಜ್ಞಾನಿ ಪಾವ್ಲೋವ್ ನಾಯಿಗಳಲ್ಲೇ ಕಂಡಿದ್ದರು. ಜಾಗ ಬದಲಾದರೂ ಭಯ ಮರಳಬಹುದು. ಬಸ್ಸಲ್ಲಿ ಆರಾಮಾದ ಮೇಲೂ ಕೊಪ್ಪಳದ ಗವಿಮಠದ ಜಾತ್ರೆಯ ಗದ್ದಲದಲ್ಲಿ ನನಗೆ ಮತ್ತೆ ಎದೆ ಹೊಡೆದುಕೊಂಡಿತು. ಅಲ್ಲೂ ನಿಂತು ಕಲಿಯಬೇಕಾಯಿತು.

ಫೀಸು ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಆದರೆ ಸಿಬಿಟಿ ಸಾಮಾನ್ಯವಾಗಿ 12ರಿಂದ 20 ಸೆಷನ್‌ಗೆ ಮುಗಿಯುತ್ತದೆ, ಇನ್ನೊಂದು ಎಷ್ಟೋ ಸಲ ವರ್ಷಗಟ್ಟಲೆ ನಡೆಯುತ್ತದೆ. ನನ್ನ ಸಂಬಳಕ್ಕೆ, ಹೇಳಿದ್ದನ್ನು ಮಾಡಿ ಮುಗಿಸುವ ನನ್ನ ಸ್ವಭಾವಕ್ಕೆ ಸಿಬಿಟಿಯೇ ಸರಿ. ಯಾವ ಸಂಬಂಧದಲ್ಲೂ ಅದೇ ನೋವು ಮರಳಿ ಬರುತ್ತಿದ್ದರೆ, ವಾರ ವಾರ ಎದುರು ಕೂತು ಮಾತಾಡುವ ಅನುಕೂಲ ಇದ್ದರೆ, ಸೈಕೋಡೈನಮಿಕ್ ನೋಡಿ. ಫೀಸೇ ಭಾರ ಅನ್ನುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು.